ಅಗಸರ ಕೈಲಾಗದ ಬಿಳುಪು

ನಿಲುವಂಗಿಯ ಎಡತೋಳಿಗೆ ನೀರು ಚಿಮುಕಿಸಿ ಇಸ್ತ್ರಿಯಮ್ಮ ಪೆಟ್ಟಿಗೆ ಒತ್ತಿದಳು. ಗಂಜಿಯ ಬಿಸಿ ವಾಸನೆ ಎದ್ದಿತು. ಮೇಜಿನಾಚೆ ಪಾದ್ರಿಯವರು ಬನಿಯನ್ನಿನಲ್ಲೇ ನಿಂತು ಅಂದಿನ ಉಪನ್ಯಾಸವನ್ನು ಗೋಡೆಗೆ ಒಪ್ಪಿಸುತ್ತಿದ್ದರು. ಕೇಳಲು ಹೊರಗಿನಿಂದ ಮೂವರು ದೊಡ್ಡ ಬೋಧಕರು ಬರುವವರಿದ್ದರು.

"ಹಿಮಕ್ಕೆ ಗ್ರೀಕಿನಲ್ಲಿ ಖಿಯೋನ್ ಅಂತಾರೆ ಕಣಮ್ಮ. ದೇವದೂತನ ಉಡುಪು ಹಾಗೆ ಬೆಳ್ಳಗಿತ್ತಂತೆ. ಅದು ಬರೀ ಬಣ್ಣ ಅಲ್ಲ, ಕ್ಷಮೆ. ಹಳೇದೆಲ್ಲ ಮುಚ್ಚಿಹೋಗೋದು."

"ನೀವು ನೋಡಿದೀರಾ ಅಯ್ಯನೋರೆ, ಹಿಮಾನ?"

"ನೋಡ್ಬೇಕಾಗಿಲ್ಲ. ಅರ್ಥ ಆದ್ರೆ ಸಾಕು."

ತನ್ನ ಕಾಲುಚೀಲದ ಜೋಡಿ ಯಾವುದೆಂದು ತಿಳಿಯದವನಿಗೆ ಆಕಾಶದವರ ಬಟ್ಟೆಯದೆಲ್ಲ ತಿಳಿದಿತ್ತು. ಈ ಅಂಗಿಯ ಬಿಳುಪು ಎರಡೇ ಹನಿ ನೀಲಿಯದೆಂಬುದು ಮಾತ್ರ ಇಪ್ಪತ್ತು ವರ್ಷದಲ್ಲಿ ಹೊಳೆದಿರಲಿಲ್ಲ. ಅವಳು ಜ್ವರ ಬಂದು ಮಲಗಿದ್ದಾಗ ತಾನೇ ತೊಳೆಯಲು ಹೋಗಿ, ಸೀಸೆ ಪೂರ್ತಿ ಸುರಿದು, ಮೂರು ಭಾನುವಾರ ಮೋಡದ ಬಣ್ಣದಲ್ಲಿ ನಿಂತು ಬೋಧಿಸಿದ್ದ.

"ಸತ್ಯವೇದದಲ್ಲೇ ಇನ್ನೊಂದು ಕಡೆ, ಲೋಕದ ಯಾವ ಅಗಸನ ಕೈಲೂ ಆಗದಂಥ ಬಿಳುಪು ಅಂತಿದೆ. ಅಲ್ಲಿ ಕೆಲವು ಹಳೇ ಪ್ರತಿಗಳಲ್ಲಿ ಹಿಮದ ಮಾತೇ ಇಲ್ಲ, ಗೊತ್ತಾ?"

"ಅಗಸ?"

"ಅಗಸ ಎಲ್ಲಾ ಪ್ರತೀಲೂ ಇದಾನೆ."

"ಇರ್ಲೇಬೇಕಲ್ಲ, ಕೆಲಸ ಮಾಡೋರು ಯಾರು?" ಅವಳು ಅಂಗಿ ಮಗುಚಿದಳು. "ನನ್ನ ಮಗಳ ಕಾಗದ ಏನಾಯ್ತು?"

ಮಗಳಿಗೆ ಬೇರೆ ಊರಿನಲ್ಲಿ ಮದುವೆ ಗೊತ್ತಾಗಿತ್ತು. ಹುಡುಗಿಯ ಮೇಲೆ ದೂರಿಲ್ಲವೆಂದು ಇಲ್ಲಿನ ಚರ್ಚಿನ ಸಭೆಯಿಂದ ಪತ್ರ ಹೋಗದೆ ಅಲ್ಲಿನ ಪಾದ್ರಿ ಮದುವೆ ಮಾಡಿಸುವಂತಿರಲಿಲ್ಲ. ಹಿಂದೊಮ್ಮೆ ಅವಳು ಯಾರೊಂದಿಗೋ ಹೋಗಿ, ಆರು ತಿಂಗಳಿಗೆ ಒಬ್ಬಳೇ ತಿರುಗಿ ಬಂದಿದ್ದಳು. ಅದನ್ನೇ ಹಿಡಿದುಕೊಂಡು ಪಾದ್ರಿಯವರು ನಾಲ್ಕು ತಿಂಗಳಿಂದ 'ನೋಡೋಣ' ಎನ್ನುತ್ತಿದ್ದರು. ಮದುವೆಗೆ ಉಳಿದದ್ದು ಒಂಬತ್ತು ದಿನ.

"ಆ ವಿಷಯ ಬೇರೆ ಅಮ್ಮ. ಜನ ಏನಂತಾರೆ?"

"ಹಳೇದೆಲ್ಲ ಮುಚ್ಚಿಹೋಗುತ್ತೆ ಅಂತ ಈಗ್ತಾನೆ ಅಂದ್ರಿ."

"ಅದು ಉಪನ್ಯಾಸ."

ಇಸ್ತ್ರಿಯಮ್ಮ ಪೆಟ್ಟಿಗೆ ಎತ್ತಿ ನಿಲ್ಲಿಸಿದಳು. ವೈರು ಕಿತ್ತು ಸುತ್ತತೊಡಗಿದಳು. ಅಂಗಿಯ ಒಂದು ತೋಳು ನೆಟ್ಟಗಿತ್ತು, ಇನ್ನೊಂದು ಹಿಂಡಿ ಬಿಸಾಡಿದಂತೆ ಮುದುಡಿತ್ತು. ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು.

"ಏನಮ್ಮ ಇದು! ಬಂದೇಬಿಟ್ರು ಅವರು!"

"ಉಳಿದದ್ದು ನನ್ನ ಕೈಲಾಗಲ್ಲ ಅಯ್ಯನೋರೆ. ನಿಮ್ಮ ಪುಸ್ತಕದಲ್ಲೇ ಬರೆದಿದೆಯಲ್ಲ."

ಪಾದ್ರಿಯವರು ಅವಳನ್ನು ನೋಡಿದರು, ತೋಳನ್ನು ನೋಡಿದರು, ಕುಳಿತು ಪತ್ರ ಗೀಚಿದರು. ಅವಳು ಒಂದೊಂದೇ ಅಕ್ಷರದಡಿ ಬೆರಳಿಟ್ಟು ನಿಧಾನವಾಗಿ ಓದಿದಳು. 'ಪಶ್ಚಾತ್ತಾಪಪಟ್ಟಿರುವ ಈಕೆ' ಎಂಬಲ್ಲಿ ಬೆರಳು ನಿಂತಿತು.

"ಈ ಮಾತು ಬೇಡ."

"ಹೊಡೆದು ಹಾಕ್ತೀನಿ ಬಿಡು."

"ಹೊಡೆದದ್ದು ಕಾಣುತ್ತೆ. ಬೇರೆ ಹಾಳೆ ತಗೊಳ್ಳಿ."

ಎರಡನೆಯ ಹಾಳೆಯಲ್ಲಿ ಎರಡೇ ಸಾಲು, ಸಹಿ, ಮೊಹರು. ಅವಳು ತೋಳು ಮುಗಿಸಿಕೊಟ್ಟು, ಉಪನ್ಯಾಸಕ್ಕೆ ನಿಲ್ಲದೆ ಹಿಂಬಾಗಿಲಿನಿಂದ ಹೊರಟಳು.

ಅಂಚೆ ಕಚೇರಿಯ ಕಟ್ಟೆಯ ಮೇಲೆ ಲಕೋಟೆಗೆ ಗೋಂದು ಹಚ್ಚಿ, ಅಂಗೈಯಿಂದ ಒತ್ತಿ ಹಿಡಿದಳು. ಪೆಟ್ಟಿಗೆಯ ಬಾಯೊಳಗೆ ಮಣಿಕಟ್ಟಿನವರೆಗೂ ಕೈ ಇಳಿಸಿ ಬೆರಳು ಸಡಿಲಿಸಿದಳು. ತಳದಲ್ಲಿ ಅದು ಬಿದ್ದದ್ದು ಕೇಳಿಸಿದ ಮೇಲೆಯೇ ಕೈ ಹೊರಗೆ ತೆಗೆದಳು.