ತೊಂಬತ್ತೈದರ ಜೆಟ್

ನನ್ನ ತಮ್ಮ ಸ್ಕ್ರೂಡ್ರೈವರ್ ಹಿಡಿದನೆಂದರೆ ಸ್ಕ್ರೂಗಳಿಗೆ ಗ್ರಹಚಾರ ಶುರುವಾಯಿತು ಅಂತಲೇ ಅರ್ಥ. ಅವನು ಬಿಚ್ಚಿದ ಯಾವ ಸ್ಕ್ರೂವಿನ ತಲೆಯೂ ನೆಟ್ಟಗೆ ಉಳಿದದ್ದಿಲ್ಲ. ಅಪ್ಪ ನಮ್ಮಿಬ್ಬರಿಗೂ ಪಾಠ ಹೇಳಿಕೊಟ್ಟಿದ್ದು ಒಂದೇ. ಕಾರ್ಬೊರೇಟರಿನ ಜೆಟ್ ಹಿತ್ತಾಳೆಯದು, ಮೆತ್ತಗಿನದು. ತಿರುಗಿಸುವ ಮುಂಚೆ ಸ್ಕ್ರೂಡ್ರೈವರಿನ ತುದಿಗೆ ತೆಳು ಬಟ್ಟೆಯ ಚೂರು ಇಡಬೇಕು, ಗೀರು ಬೀಳಬಾರದು. ಇಷ್ಟು ನಾಜೂಕು ಮಾಡುವ ಮೆಕ್ಯಾನಿಕ್ಕನ್ನು ನಾನು ಬೇರೆಲ್ಲೂ ಕಂಡಿಲ್ಲ. ಹದಿನಾರು ವರ್ಷ ನಾನು ಹಾಗೇ ಮಾಡಿದೆ. ತಮ್ಮ ಒಂದು ದಿನವೂ ಮಾಡಲಿಲ್ಲ.

ಅಪ್ಪನ ಟೂ-ಸ್ಟ್ರೋಕ್ ಗಾಡಿ ನನಗಿಂತ ಆರು ವರ್ಷ ದೊಡ್ಡದು. ಸಮತಟ್ಟು ರಸ್ತೆಯಲ್ಲಿ ಸಾಧು, ಏರು ಬಂದರೆ ಮಾತ್ರ ರಚ್ಚೆ ಹಿಡಿಯುತ್ತಿತ್ತು. ಮೂರು ವರ್ಷದಿಂದ ಅಪ್ಪನ ಕೈ ನಡುಗುತ್ತದೆ, ಚಹಾ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಾನೆ. ಕೊನೆಗೊಂದು ದಿನ ಗಿರಾಕಿಗಳೆಲ್ಲ ಇದ್ದಾಗ, "ಈ ಗಾಡೀನ ನಿಮ್ಮಿಬ್ಬರಲ್ಲಿ ಯಾರು ಗುಡ್ಡದ ನೀರಿನ ಟ್ಯಾಂಕಿನವರೆಗೂ ಚೆನ್ನಾಗಿ ಹತ್ತಿಸ್ತಾರೋ, ವರ್ಕ್‌ಶಾಪು ಅವರದು" ಎಂದುಬಿಟ್ಟ. ನಾನು ಒಳಗೊಳಗೇ ನಕ್ಕೆ. ತಮ್ಮ ಮೂರು ಕಡೆ ಕೆಲಸ ಬಿಟ್ಟು ಬಂದವನು. ನನಗೇ ಕೊಡಲು ಅಪ್ಪ ಒಂದು ನೆಪ ಹುಡುಕಿಕೊಂಡಿದ್ದಾನೆ ಎಂದುಕೊಂಡೆ. ಎಂಥ ಪೆದ್ದಿ ನಾನು!

ಮೊದಲ ಸರದಿ ತಮ್ಮನದು. ಎರಡು ತಿರುವಿನಲ್ಲಿ ನಿಂತು, ಕಿಕ್ಕರ್ ಒದ್ದು ಒದ್ದು ಬೆವರಿಳಿಸಿಕೊಂಡು, ಅಂತೂ ಟ್ಯಾಂಕ್ ಮುಟ್ಟಿದ. ಆಮೇಲೆ ನನ್ನ ಸರದಿಗೆ ಸಜ್ಜು ಮಾಡಿಕೊಳ್ಳಲು ಗಾಡಿ ನನ್ನ ಕೈಗೆ ಬಂತು. ಜೆಟ್ ಎಂದರೆ ನಡುವೆ ಸೂಜಿ ತೂರುವಷ್ಟು ತೂತಿರುವ ಪುಟ್ಟ ತಿರುಪು, ಎಂಜಿನ್ನಿಗೆ ಪೆಟ್ರೋಲ್ ಸಿಗುವುದು ಅದರಿಂದ. ತೂತು ದೊಡ್ಡದಾದರೆ ಎಂಜಿನ್ ಹೊಗೆ ಕಾರಿ ಮುಗ್ಗರಿಸುತ್ತದೆ, ಚಿಕ್ಕದಾದರೆ ಬಿಸಿಯೇರಿ ಹಿಡಿದುಕೊಂಡು ಓಡುತ್ತಿರುವ ಚಕ್ರವೇ ನಿಂತುಬಿಡುತ್ತದೆ. ನೂರಹತ್ತು ನಂಬರಿನದು ಹಾಕಿದೆ, ಗಂಟಲು ಮುಕ್ಕಳಿಸಿದಂತೆ ಸದ್ದು. ನೂರಕ್ಕೆ ಸ್ವಲ್ಪ ವಾಸಿ. ತೊಂಬತ್ತಕ್ಕೆ ಎಂಜಿನ್ ಕಾದುಹೋಯಿತು, ತಕ್ಷಣ ಆಫ್ ಮಾಡಿ ನೋಡಿದರೆ ಸ್ಪಾರ್ಕ್ ಪ್ಲಗ್ ಬೆಳ್ಳಗಾಗಿತ್ತು. ಹತ್ತನೇ ದಿನ ತೊಂಬತ್ತೈದರದು ಕೂರಿಸಿ, ಪೆಟ್ರೋಲಿನ ಹದ ಕಾಯುವ ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿ, ನೋಡೋಣವೆಂದು ಗುಡ್ಡ ಹತ್ತಿಸಿದರೆ, ಗಾಡಿ ಒಮ್ಮೆಯೂ ತಡವರಿಸಲಿಲ್ಲ. ಇಳಿದು ಬಂದು ಪ್ಲಗ್ ತೋರಿಸಿದೆ. ಚಹಾದ ಬಣ್ಣ, ಪೆಟ್ರೋಲ್ ಹದವಾಗಿದೆ ಅಂತ ಅರ್ಥ. ಅಪ್ಪ ಕನ್ನಡಕ ಏರಿಸಿ ನೋಡಿ, "ಭೇಷ್" ಅಂದ. ಅವನ ಬಾಯಲ್ಲಿ ಆ ಮಾತು ಹತ್ತು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಅವತ್ತು ಊಟವೂ ಬೇಡವೆನ್ನುವಷ್ಟು ಖುಷಿ ನನಗೆ.

ಮರುದಿನ ಎಲ್ಲರೆದುರು ಹೊರಟೆ. ಮೊದಲ ತಿರುವಿನಲ್ಲೇ ಎಂಜಿನ್ ಗುಳುಗುಳು ಎಂದಿತು. ಎರಡನೆಯದರಲ್ಲಿ ದಟ್ಟ ಹೊಗೆ ಬಿಟ್ಟು ನಿಂತೇಹೋಯಿತು. ಎಷ್ಟು ಒದ್ದರೂ ಏಳಲಿಲ್ಲ. ತಳ್ಳಿಕೊಂಡು ಇಳಿದು ಬಂದೆ.

"ಗಾಡೀನೇ ತೀರ್ಪು ಹೇಳಿತಲ್ಲ" ಎಂದು ಅಪ್ಪ ಕೀಲಿಗೊಂಚಲನ್ನು ತಮ್ಮನ ಕೈಗಿಟ್ಟ. "ಹೋಗ್ಲಿ ಬಿಡಮ್ಮ" ಎಂದ ಒಬ್ಬ ಹಳೆಯ ಗಿರಾಕಿ. ಆ ಕನಿಕರಕ್ಕೆ ಮೈಯೆಲ್ಲ ಉರಿಯಿತು.

ಗಿರಾಕಿಗಳು ಚದುರಿದ ಮೇಲೆ ಕಾರ್ಬೊರೇಟರ್ ಬಿಚ್ಚಿದೆ. ಪ್ಲಗ್ ಮಸಿಯಾಗಿತ್ತು. ಜೆಟ್ ಹೊರತೆಗೆದು ನೋಡಿದರೆ ಮೇಲೆ ಕೆತ್ತಿದ ನಂಬರು ತೊಂಬತ್ತೈದೇ, ನಾನು ಹಾಕಿದ್ದೇ. ಒಂದು ನಿಮಿಷ ನನ್ನ ಕೆಲಸದ ಮೇಲೆ ನನಗೇ ಅನುಮಾನ ಬಂತು. ಆಮೇಲೆ ತೂತಿಗೆ ಅಳತೆಯ ತಂತಿ ತೂರಿಸಿದೆ. ಬಿಗಿಯಾಗಿ ಕೂರಬೇಕಾದದ್ದು ಲೊಡಲೊಡ ಅಲ್ಲಾಡಿತು. ಯಾರೋ ತೂತು ಕೊರೆದು ದೊಡ್ಡದು ಮಾಡಿದ್ದರು.

ಸೀದಾ ಹೋಗಿ ತಮ್ಮನ ಕಾಲರ್ ಹಿಡಿದೆ. "ನಾಚಿಕೆ ಆಗಲ್ವಾ ನಿಂಗೆ? ಅಕ್ಕನಿಗೇ ಮೋಸ ಮಾಡ್ತೀಯಾ?"

"ಏನು ಮೋಸ ಅಕ್ಕಾ?" ಅವನು ಕಣ್ಣು ಕಣ್ಣು ಬಿಟ್ಟ. "ಆ ಜೆಟ್ಟನ್ನ ನಾನು ಮುಟ್ಟೂ ಇಲ್ಲ. ನನ್ನ ಸರದೀಲೂ ಇದ್ದ ಹಾಗೇ ಓಡಿಸ್ದೆ."

ಬೈಯಲು ಬಾಯಿ ತೆರೆದವಳು ಅಂಗೈಯಲ್ಲಿದ್ದ ಜೆಟ್ ನೋಡಿದೆ. ತಲೆಯ ಮೇಲಿನ ಸೀಳು ಅಂಗಡಿಯಿಂದ ಈಗಷ್ಟೇ ತಂದಂತಿತ್ತು. ಬಿಚ್ಚಿ, ಕೊರೆದು, ಮತ್ತೆ ಕೂರಿಸಿದ್ದಾರೆ, ಒಂದು ಗೀರಿಲ್ಲ. ನನ್ನ ಕೈ ಅವನ ಕಾಲರಿನಿಂದ ತಾನಾಗಿ ಜಾರಿತು.

ಅಪ್ಪ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ, ಎರಡು ಕೈಯಲ್ಲಿ ಲೋಟ. ಜೆಟ್ಟನ್ನು ಅವನ ಮುಂದಿಟ್ಟೆ.

"ಯಾವಾಗ ಮಾಡಿದೆ?"

ಅವನು ಸುಳ್ಳು ಹೇಳಲಿಲ್ಲ. "ಬೆಳಗ್ಗೆ. ನೀನು ಬರೋ ಮುಂಚೆ."

ಆ ಕೆಲಸಕ್ಕೆ ಮಾತ್ರ ಅವನ ಕೈ ನಡುಗಿರಲಿಲ್ಲ.

"ನಿನ್ನ ಕೈಯಲ್ಲಿ ಕೆಲಸ ಇದೆ, ಎಲ್ಲಿ ಹೋದ್ರೂ ಬದುಕ್ತೀಯ. ಇವನನ್ನ ಯಾರು ಸೇರಿಸ್ಕೋತಾರೆ ಹೇಳು? ಹೆಂಡತಿ ಬೇರೆ ಬಸುರಿ."

"ಬಾಯಿಬಿಟ್ಟು ಕೇಳಿದ್ರೆ ಆಗ್ತಿರಲಿಲ್ವಾ?"

"ಕೇಳಿದ್ರೆ ಬಿಟ್ಟುಕೊಡ್ತಿದ್ದೆಯಾ?"

ಬಿಟ್ಟುಕೊಡುತ್ತಿದ್ದೆನೋ ಇಲ್ಲವೋ, ನನಗೂ ಗೊತ್ತಿಲ್ಲ. ಆದರೆ ಅಷ್ಟು ಜನರ ಮುಂದೆ ಕೆಲಸ ಬಾರದವಳಾಗುತ್ತಿರಲಿಲ್ಲ. ಹೆತ್ತ ಅಪ್ಪನೇ ಹೀಗೆ ಕೈಕೊಟ್ಟರೆ ಯಾರ ಹತ್ತಿರ ಹೋಗಿ ಹೇಳಿಕೊಳ್ಳಲಿ?

"ಚಿಕ್ಕ ಜೆಟ್ ಹಾಕಿದ್ರೆ ಎಂಜಿನ್ ಹಿಡ್ಕೊಂಡು ನೀನು ಬೀಳ್ತಿದ್ದೆ. ಅದಕ್ಕೇ ದೊಡ್ಡದು ಮಾಡ್ದೆ ಮಗಳೇ" ಎಂದ, ಉಪಕಾರ ಮಾಡಿದವನ ಹಾಗೆ.

ಡಬ್ಬಿಯಿಂದ ಹೊಸ ತೊಂಬತ್ತೈದರ ಜೆಟ್ ತೆಗೆದೆ, ಪ್ಲಗ್ಗನ್ನೂ ಬದಲಿಸಿದೆ. ಸ್ಕ್ರೂಡ್ರೈವರನ್ನು ಸೀದಾ ಹಿತ್ತಾಳೆಗೆ ಒತ್ತಿದೆ.

"ಏಯ್, ಬಟ್ಟೆ ಚೂರು ಇಡು! ಗೀರು ಬೀಳುತ್ತೆ!" ಅಪ್ಪ ಲೋಟ ಕೆಳಗಿಟ್ಟು ಎದ್ದೇಬಿಟ್ಟ.

"ಬೀಳ್ಲಿ" ಎಂದು ಬಲವಾಗಿ ತಿರುಗಿಸಿದೆ. ಹಿತ್ತಾಳೆ ಕಿರ್ರೆಂದಿತು.

ಒಂದೇ ಒದೆತಕ್ಕೆ ಗಾಡಿ ಎದ್ದಿತು. ಮೊದಲ ತಿರುವು, ಎರಡನೆಯದು, ಟ್ಯಾಂಕಿನ ಕೆಳಗಿನ ಕಡಿದಾದ ಏರು, ಎಲ್ಲೂ ಉಸಿರು ಸಿಕ್ಕಿಕೊಳ್ಳಲಿಲ್ಲ. ಆ ಸದ್ದು ಕೆಳಗಿನ ಬೀದಿಗೆಲ್ಲ ಕೇಳುತ್ತದೆಂದು ನನಗೆ ಗೊತ್ತಿತ್ತು. ಟ್ಯಾಂಕಿನ ಬಳಿ ಆಫ್ ಮಾಡಿ, ಕೀಲಿಯನ್ನು ಅದರಲ್ಲೇ ಬಿಟ್ಟು, ಒಬ್ಬಳೇ ಕೂತು ಅತ್ತೆ. ಆಮೇಲೆ ನಡೆದುಕೊಂಡು ಇಳಿದೆ.

ಅಪ್ಪ ಬಾಗಿಲಲ್ಲಿ ನಿಂತಿದ್ದ. ತಪ್ಪಾಯಿತು ಅನ್ನುತ್ತಾನೇನೋ ಎಂಬ ಆಸೆ ಆಗಲೂ ಇತ್ತು ನನಗೆ, ಹಾಳಾದ್ದು.

"ಗಾಡಿ ಎಲ್ಲಿ?" ಎಂದು ಕೇಳಿದ.

"ಮೇಲಿದೆ. ನಿನ್ನ ಮಗನಿಗೆ ಹೇಳು, ತರ್ತಾನೆ" ಎಂದು ಒಳಗೆ ಹೋಗಿ ನನ್ನ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬತೊಡಗಿದೆ.