ಹದಿನೇಳನೆಯ ಕಣ್ಣು

ಪೊರೆಯ ಕೊನೆಯ ಚೂರು ಜಾರಿ ಕಣ್ಣಿನ ಆಳಕ್ಕೆ ಇಳಿದದ್ದನ್ನು ಸೂಕ್ಷ್ಮದರ್ಶಕದಲ್ಲಿ ಆಪರೇಷನ್ ಮಾಡುತ್ತಿದ್ದ ಕಿರಿಯ ವೈದ್ಯೆಯೇ ಮೊದಲು ಕಂಡಳು. ಪೊರೆಗೆ ಹಿಂದಿನಿಂದ ಆಸರೆಯಾಗಿದ್ದ ತೆಳು ಪದರ ಹರಿದಿತ್ತು.

“ಕೈ ಅಲ್ಲಾಡಿಸ್ಬೇಡ,” ಎಂದು ಪಿಸುಗುಟ್ಟಿದ ಹಿರಿಯ ಡಾಕ್ಟರು ಅವಳನ್ನು ಎಬ್ಬಿಸಿ ತಾವು ಕೂತರು. ಹಸಿರು ಬಟ್ಟೆಯ ಕೆಳಗೆ ಎಚ್ಚರವಾಗಿಯೇ ಮಲಗಿದ್ದ ಬಡಗಿ, “ಮುಗೀತಾ ತಾಯಿ?” ಎಂದ.

ಅದಕ್ಕೂ ಮೊದಲು ಅವಳ ಕೈಯಲ್ಲಿ ಹದಿನಾರು ಕಣ್ಣುಗಳು ಹೂವೆತ್ತಿದಷ್ಟು ಸಲೀಸಾಗಿ ಮುಗಿದಿದ್ದವು. ಆಳಕ್ಕಿಳಿದ ಚೂರನ್ನು ತೆಗೆಯಲು ಬಡಗಿಗೆ ಮತ್ತೊಂದು ಆಪರೇಷನ್ ಆಯಿತು. ಎರಡು ತಿಂಗಳು ಕಳೆದರೂ ಬಲಗಣ್ಣಿಗೆ ಎದುರು ಹಿಡಿದ ಬೆರಳೆಣಿಸುವಷ್ಟೇ ದೃಷ್ಟಿ.

“ಕಣ್ಣೇ ವೀಕಾಗಿತ್ತು ಅಂತ ಹೇಳಿಬಿಡು,” ಎಂದಿದ್ದರು ಹಿರಿಯ ಡಾಕ್ಟರು. “ನನ್ನ ಕೈಯಲ್ಲೂ ಹರಿದಿದೆ. ಯಾರ ಕೈಯಲ್ಲಿ ಹರಿದಿಲ್ಲ ಹೇಳು?”

ಬಡಗಿಯೂ ಅವನ ಹೆಂಡತಿಯೂ ಎದುರಿಗೆ ಬಂದು ಕೂತಾಗ ವೈದ್ಯೆ ಹೇಳಿದ್ದೇ ಬೇರೆ.

“ಅವತ್ತು ಆಪರೇಷನ್ ಮಾಡಿದ್ದು ನಾನು. ನಾನಿನ್ನೂ ಕಲೀತಿದೀನಿ. ನನ್ನ ಕೈಯಲ್ಲೇ ಹರೀತು.”

ಬಡಗಿಯ ಹೆಂಡತಿ ದಡಕ್ಕನೆ ಎದ್ದಳು. “ಕಲಿಯೋಕೆ ನಮ್ಮನೆಯವರ ಕಣ್ಣೇ ಬೇಕಾಗಿತ್ತೇನಮ್ಮಾ? ನಮ್ಮ ಹೊಟ್ಟೆ ತುಂಬ್ತಿದ್ದದ್ದೇ ಆ ಕಣ್ಣಿಂದ!”

“ಸುಮ್ನಿರೇ,” ಎಂದ ಬಡಗಿ. ತನ್ನ ಅಂಗೈ ನೋಡಿಕೊಂಡ. “ಕಲಿಯೋವಾಗ ನಾನೂ ಒಳ್ಳೊಳ್ಳೆ ಹಲಗೆ ಹಾಳು ಮಾಡಿದೀನಿ. ಕೆಲ್ಸ ಕಲಿಸ್ತಿದ್ದ ನಮ್ಮ ಸೋದರಮಾವ ಉಳಿಯ ಹಿಡಿಯಿಂದ್ಲೇ ತಲೆಗೆ ಮೊಟಕೋರು.” ನಗಲು ನೋಡಿದ, ನಗು ಅರ್ಧಕ್ಕೇ ನಿಂತಿತು. “ಹಲಗೆ ಹೋದ್ರೆ ಇನ್ನೊಂದು ತರ್ತಿದ್ವಿ, ತಾಯಿ.”

ವೈದ್ಯೆ ಚೀಟಿ ಎಳೆದುಕೊಂಡು ಔಷಧಿ ಬರೆಯತೊಡಗಿದಳು.

“ಆ ಕಡೆ ಕಣ್ಣಿಗೂ ಪೊರೆ ಬರ್ತಿದೆಯಂತಲ್ಲ...” ಎಂದ ಬಡಗಿ.

“ಅದನ್ನ ದೊಡ್ಡ ಡಾಕ್ಟ್ರೇ ಮಾಡ್ತಾರೆ. ನಾನು ಮುಟ್ಟಲ್ಲ.”

“ಹ್ಞೂಂ,” ಎಂದ ಆತ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಎರಡು ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಹೆಂಡತಿ ಔಷಧಿ ತರಲು ಹೋದಳು. ಮುಂದಿನ ರೋಗಿಯನ್ನು ಕರೆಯಲು ವೈದ್ಯೆ ಬಾಗಿಲಿಗೆ ಬಂದಾಗ, ಹೊರಗಿನ ಉದ್ದ ಮರದ ಬೆಂಚಿನ ತುದಿಯ ಬಳಿ ಬಡಗಿ ನೆಲಕ್ಕೆ ಮೊಣಕಾಲೂರಿ ಕೂತಿದ್ದ. ಎಡಗಣ್ಣು ಮುಚ್ಚಿ, ಗಲ್ಲವನ್ನು ಮರಕ್ಕೆ ತಾಗಿಸಿ, ಹಲಗೆ ನೆಟ್ಟಗಿದೆಯೇ ಎಂದು ಪರೀಕ್ಷಿಸುವಂತೆ ಬಲಗಣ್ಣಿನಿಂದ ಬೆಂಚಿನ ಅಂಚಿನುದ್ದಕ್ಕೂ ನೋಡುತ್ತಿದ್ದ. ಎಷ್ಟೋ ಹೊತ್ತು ನೋಡಿದ. ಆಮೇಲೆ ಎರಡೂ ಕಣ್ಣು ಮುಚ್ಚಿಕೊಂಡು, ಹೆಬ್ಬೆರಳಿನಿಂದ ಆ ಅಂಚನ್ನು ಮೆಲ್ಲಗೆ ಸವರತೊಡಗಿದ.