ನೀರು ಎಂಬ ಪೂರ್ಣಾಂಕ

ಜ್ಞಾನೇಶ್ವರ ಸರ್ ಹರೆಯದಲ್ಲಿ ಫೋರ್ಟ್ರಾನ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಈಗಿನ ಪೈಥಾನ್ ಭಾಷೆಗೆ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೃಷ್ಣೆ ಏರಿದಾಗ ರಬಕವಿಯ ನೇಕಾರರ ಓಣಿಯಲ್ಲಿ ಎಷ್ಟು ಮೀಟರ್ ನೀರು ನಿಲ್ಲುತ್ತದೆ ಎಂದು ಲೆಕ್ಕ ಹಾಕುವ ಪ್ರೋಗ್ರಾಮ್ ಅದು. ಒಳಗೆ ಕೈ ಹಾಕಬೇಡ, ಮೇಲೆ ಚೆಂದದ ಪರದೆ ಕಟ್ಟು, ಜನರ ಮೊಬೈಲಿಗೆ ಮೆಸೇಜು ಹೋಗುವಂತೆ ಮಾಡು ಎಂದು ಸರ್ ಅಪ್ಪಣೆ ಕೊಟ್ಟಿದ್ದರು. ಜಮಖಂಡಿಯ ನಮ್ಮ ಪುಟ್ಟ ಪ್ರವಾಹ ಕೇಂದ್ರದಲ್ಲಿ ಅವರು ಹೇಳಿದ್ದೇ ವೇದವಾಕ್ಯ.

ಆ ಓಣಿಯಲ್ಲೇ ನಮ್ಮ ಮನೆ. ಅವ್ವ ದಾನಮ್ಮ ಈಗಲೂ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೈಮಗ್ಗದಲ್ಲಿ ಸೀರೆ ನೇಯುತ್ತಾಳೆ. ಹೋದ ವರ್ಷ ಈ ಪ್ರೋಗ್ರಾಮ್ ಸೊನ್ನೆ ಎಂದಿತ್ತು. ನೀರು ಸೊಂಟದವರೆಗೆ ಬಂತು. ಕುಣಿಯಿಂದ ಕೊಳೆತ ನೂಲು ಬಾಚಿ ತೆಗೆದಾಗಿನ ನಾತ ಇನ್ನೂ ನನ್ನ ಮೂಗಿನಲ್ಲಿದೆ.

ಜೋಡಣೆ ಮುಗಿಸಿ ಪೈಥಾನ್‌ನಲ್ಲಿ ಓಣಿಯ ನೀರಿನ ಲೆಕ್ಕವನ್ನು ಗ್ರಾಫಿನ ಗೆರೆಯಾಗಿ ಎಳೆದು ನೋಡಿದೆ. ಹೊಳೆ ಏರುತ್ತಲೇ ಇದ್ದರೂ ಗೆರೆ ಸೊನ್ನೆಯಲ್ಲೇ ಮಲಗಿತ್ತು, ಆಮೇಲೆ ಒಮ್ಮೆಗೇ ಒಂದಕ್ಕೆ ಜಿಗಿಯಿತು. ಒಳಗೆ ಕೈ ಹಾಕಿದೆ. ಓಣಿಯ ನೀರಿನ ಅಳತೆ ಕೂರುವ ಅಂಕಿಗೆ ಸರ್ ಅಭಿಮಾನದಿಂದ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡದ ಹೆಸರಿಟ್ಟಿದ್ದರು: ‘ನೀರು’. ಫೋರ್ಟ್ರಾನ್‌ನಲ್ಲಿ ಬೇರೇನೂ ಹೇಳದಿದ್ದರೆ, ಐಯಿಂದ ಎನ್‌ವರೆಗಿನ ಅಕ್ಷರಗಳಿಂದ ಶುರುವಾಗುವ ಹೆಸರೆಲ್ಲ ಪೂರ್ಣಾಂಕ, ದಶಾಂಶ ಬಿದ್ದುಹೋಗುತ್ತದೆ. ‘ನೀರು’ ಶುರುವಾಗುವುದೇ ಎನ್‌ನಿಂದ; ಮುಕ್ಕಾಲು ಮೀಟರ್ ನೀರೂ ಸೊನ್ನೆಯೇ. ನನಗೆ ಹೇಸಿಗೆಯಾಯಿತು. ಇಷ್ಟು ವರ್ಷ ಒಬ್ಬ ಪುಣ್ಯಾತ್ಮನೂ ತೆರೆದು ನೋಡಿರಲಿಲ್ಲ.

ಹೆಸರನ್ನು ‘ಹೊಳಿ’ ಎಂದು ಬದಲಿಸಿದೆ. ಎಚ್ ಅಕ್ಷರಕ್ಕೆ ಆ ಕಾಟವಿಲ್ಲ. ಹೊಳೆಯ ಅವತ್ತಿನ ಅಳತೆ ಹಾಕಿದರೆ, ನಾಳೆ ಬೆಳಿಗ್ಗೆ ಓಣಿಯಲ್ಲಿ ಸೊನ್ನೆ ಪಾಯಿಂಟ್ ಎಂಟು ಮೀಟರ್ ಎಂದಿತು. ಓಡಿಹೋಗಿ ಸರ್‌ಗೆ ಹೇಳಿದೆ.

ಅವರು ಬಂದು ನೋಡಿ, ಬಾಯಲ್ಲಿದ್ದ ಗುಟ್ಕಾವನ್ನು ನನ್ನ ಕಸದ ಬುಟ್ಟಿಗೆ ಉಗುಳಿದರು.

“ಸರಿತಾ, ಇದನ್ನ ಕಳಿಸಿದ್ರ ಹೋದ ವರ್ಷದ ಸೊನ್ನಿ ತಪ್ಪಿತ್ತಂತ ಆಗ್ತೈತಿ. ಹೆಸರು ‘ನೀರು’ ಅಂತನ ಇರ್ಲಿ.”

ಮಂದಿಯ ಮನೆಯೊಳಗೆ ನೀರು ಬರುತ್ತದೆ ಸರ್ ಎಂದೆ. ಬಂದಾಗ ನೋಡೋಣ ಎಂದು ನನ್ನ ಕುರ್ಚಿಯಲ್ಲಿ ಕುಳಿತು, ಎರಡು ಬೆರಳಲ್ಲಿ ಹಳೆಯ ಹೆಸರನ್ನು ತಾವೇ ಕುಟ್ಟಿ, ಪ್ರೋಗ್ರಾಮನ್ನು ಮತ್ತೆ ಓಡಿಸಿ, ಸೊನ್ನೆಯ ಮೆಸೇಜನ್ನು ಓಣಿಗೆಲ್ಲ ಕಳಿಸಿಬಿಟ್ಟರು. ಆ ಬೆರಳು ತಾಗಿದ ಕೀಲಿಮಣೆಯನ್ನು ಮುಟ್ಟಲು ನನಗೆ ಅಸಹ್ಯವಾಯಿತು.

ಹೊರಗೆ ಬಂದು ಅವ್ವನಿಗೆ ಫೋನ್ ಹಚ್ಚಿದೆ. ನೂಲೆಲ್ಲ ಅಟ್ಟಕ್ಕೇರಿಸು, ಓಣಿಯವರಿಗೂ ಹೇಳು ಎಂದೆ. ಅವ್ವ ನಕ್ಕಳು.

“ಸೊನ್ನಿ ಅಂತ ಈಗರೆ ಮೆಸೇಜ್ ಬಂತಲ್ಲ. ಹೋದ ವರ್ಷದಂಗಲ್ಲ, ಈ ಸಲ ನಮ್ಮ ಸರಿತಾನ ಮಾಡ್ಯಾಳಂತ ಎಲ್ಲಾರಿಗೂ ನಾನ ಹೇಳೇನಿ. ಹೊಳಿ ಏರೂದು ನೋಡಿ ಅಟ್ಟಕ್ಕ ಏರಿಸಿದ್ದ ನೂಲು ಎಲ್ಲಾರೂ ಕೆಳಗ ಇಳಿಸಾಕತ್ತಾರ.”